ಗುಲಾಬಿಯ ನೀರು

ಗುಲಾಬಿಯ ಒಣ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಯಿಸಿ ಕುಡಿಯುವ ಪಾನೀಯವು ಈಚೆಗೆ ‘ಗುಲಾಬಿ ಟೀ’ ಎಂಬ ಹೆಸರಿನಿಂದ ಅಂಗಡಿಗಳಿಗೆ ಬಂದಿದೆ. ಟೀ ಎಲೆ ಇಲ್ಲದಾಗ ಕಷಾಯವೆಂಬುದೇ ಇದಕ್ಕೆ ಸಲ್ಲುವ ಹೆಸರು. ಹೆಸರು ಹೊಸದಾದರೂ ಗುಲಾಬಿಯ ಸಾರವನ್ನು ನೀರಿಗಿಳಿಸಿಕೊಳ್ಳುವ ವಿದ್ಯೆಯು ಬಹು ಪ್ರಾಚೀನವಾದುದು. ಅದಕ್ಕೆ ಸಾಕ್ಷಿಯು ನಮ್ಮ ಮಾತಿನಲ್ಲಿಯೇ ಅಡಗಿದೆ. ಪಾರಸಿ ಭಾಷೆಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಮೊದಲಿಗೆ ‘ಗುಲಾಬ್’ ಎಂಬುದು ಹೂವಿನ ಹೆಸರಲ್ಲ, ಹೂವಿನ ನೀರಿನ ಹೆಸರು. ಅದೇ ಮುಂದೆ ಹೂವಿಗೂ ಅಂಟಿಕೊಂಡು ಕನ್ನಡದ ಗುಲಾಬಿಯಾಯಿತು. ಅದೇ ಶಬ್ದವು ಅರಬರ ಬಾಯಲ್ಲಿ ‘ಜುಲ್ಲಾಬ್’ ಆಗಿ, ವೈದ್ಯರ ಸಿಹಿ ಪಾನಕಗಳಿಗೆ ಸಲ್ಲುವ ನಾಮವಾಗಿ, ಕೊನೆಗೆ ಭೇದಿಯ ಔಷಧವೆಂಬ ಅರ್ಥದಲ್ಲಿ ‘ಜುಲಾಬು’ ಎಂದು ನಮ್ಮ ಮನೆಗಳನ್ನು ಹೊಕ್ಕಿತು. ಗುಲಾಬಿಯೂ ಜುಲಾಬೂ ಒಡಹುಟ್ಟಿದವೆಂದರೆ ಯಾರಿಗಾದರೂ ನಗೆ ಬಾರದಿರದು.

ಬಾಗ್ದಾದಿನ ಖಲೀಫ ಅಲ್-ಮಾಮೂನನ ಕಾಲದಲ್ಲಿ (813–833) ಪಾರಸಿಕ ದೇಶದ ಫಾರ್ಸ್ ಪ್ರಾಂತವು 30,000 ಸೀಸೆ ಗುಲಾಬಿನೀರನ್ನು ಕಪ್ಪವಾಗಿ ಒಪ್ಪಿಸುತ್ತಿದ್ದಿತೆಂದು 14ನೆಯ ಶತಮಾನದ ಚರಿತ್ರಕಾರ ಇಬ್ನ್ ಖಲ್ದೂನನು ಬರೆದಿದ್ದಾನೆ. ಕಾಶಾನಿನ ಬಳಿಯ ಕಮ್ಸರಿನಲ್ಲಿ ಇಂದಿಗೂ ವಸಂತದಲ್ಲಿ ಹೂವನ್ನು ಮುಂಜಾನೆಯೇ ಕೊಯ್ದು ತಾಮ್ರದ ಹಂಡೆಗಳಲ್ಲಿ ಬಟ್ಟಿಯಿಳಿಸುವರು. ಬಿಸಿಲೇರಿದರೆ ಗಂಧವು ಹಾರಿಹೋಗುವುದು.

ಹಿಂದೂಸ್ಥಾನದಲ್ಲಿ ಈ ನೀರಿಗೆ ಒಂದು ವಿಚಿತ್ರವಾದ ತಿರುವು ಒದಗಿತು. ನೂರಜಹಾನಳ ತಾಯಿ ಅಸ್ಮತ್ ಬೇಗಮಳು ಗುಲಾಬಿನೀರನ್ನು ಕಾಯಿಸಿ ತಟ್ಟೆಗಳಿಗೆ ಸುರಿಯುತ್ತಿದ್ದಾಗ ಮೇಲೆ ತೆಳುವಾದ ಕೆನೆಯೊಂದು ಕಟ್ಟುವುದನ್ನು ಕಂಡಳು. ಅದನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಿದಳು. ಒಂದು ಹನಿಯನ್ನು ಅಂಗೈಗೆ ತಿಕ್ಕಿದರೆ ಸಭೆಯೆಲ್ಲ ಪರಿಮಳಿಸುವುದೆಂದು ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ಕೊಂಡಾಡಿದ್ದಾನೆ. ಆತನು ಆಕೆಗೆ ಮುತ್ತಿನ ಸರವನ್ನಿತ್ತನು. ಸಲೀಮಾ ಸುಲ್ತಾನ್ ಬೇಗಮಳು ಆ ತೈಲಕ್ಕೆ ‘ಇತ್ರ್-ಎ-ಜಹಾಂಗೀರಿ’ ಎಂದು ಹೆಸರಿಟ್ಟಳು. ಗುಲಾಬಿಯ ಎಣ್ಣೆಯು ಅದಕ್ಕೂ ಮೊದಲೇ ತಿಳಿದಿದ್ದಿತೆನ್ನುವವರೂ ಉಂಟು. ಅದೆಂತಿದ್ದರೂ ಅಂದಿನಿಂದ ಮಾನವೆಲ್ಲ ಕೆನೆಗೆ ಸಂದಿತು. ಕೆಳಗುಳಿದ ನೀರನ್ನು ಕೇಳುವವರು ಕಡಿಮೆಯಾದರು.

ಇದು ಅಷ್ಟು ನ್ಯಾಯವಾದ ತೀರ್ಪಲ್ಲ. ಒಂದು ಕಿಲೋ ಎಣ್ಣೆಗೆ ಸುಮಾರು 3,000ದಿಂದ 4,000 ಕಿಲೋ ಎಸಳು ಬೇಕು. ಆದರೂ ಹೂವಿನ ಗಂಧವು ಪೂರ್ತಿಯಾಗಿ ಎಣ್ಣೆಗೆ ಬರುವುದಿಲ್ಲ. ಅರಳಿದ ಗುಲಾಬಿಯ ಮೃದುಗಂಧಕ್ಕೆ ಬಹುಮಟ್ಟಿಗೆ ಕಾರಣವಾದ ಫೆನೈಲ್ ಈಥೈಲ್ ಆಲ್ಕೋಹಾಲ್ ಎಂಬ ದ್ರವ್ಯವು ನೀರಿನಲ್ಲಿ ಕರಗತಕ್ಕದ್ದು. ಬಟ್ಟಿಯಿಳಿಸುವಾಗ ಅದರ ಬಹುಭಾಗವು ನೀರಿನಲ್ಲಿಯೇ ನಿಲ್ಲುವುದು. ಅರಮನೆಯ ಅತ್ತರಿಗೆ ದೊರೆಯದುದು ಬಡವನ ಕಷಾಯದ ಬಟ್ಟಲಿಗೆ ದೊರೆಯುತ್ತದೆ.

ಗುಣದ ವಿಷಯದಲ್ಲಿ ಹಳೆಯ ವೈದ್ಯರು ಇಂದಿನ ಜಾಹೀರಾತಿನವರಿಗಿಂತ ಎಚ್ಚರವುಳ್ಳವರು. ಹಸಿಯ ಎಸಳನ್ನು ಸಕ್ಕರೆಯೊಡನೆ ಬಿಸಿಲಿಗಿಟ್ಟು ಮಾಡಿದ ಗುಲ್ಕಂದು ಮಲವನ್ನು ಸಡಿಲಿಸುವುದೆಂದೂ, ಒಣಗಿದ ಕೆಂಪು ಎಸಳು ಒಗರಿನಿಂದ ಕಟ್ಟುವುದೆಂದೂ ಅವರು ವಿಂಗಡಿಸಿದ್ದರು. ಒಗರಿಗೆ ಕಾರಣ ಟ್ಯಾನಿನ್; ಗಂಟಲು ಕೆರೆದಾಗ ಈ ಕಷಾಯದಿಂದ ಬಾಯಿ ಮುಕ್ಕಳಿಸುತ್ತಿದ್ದುದು ಇದರಿಂದಲೇ. ಎಸಳಿನ ಕಷಾಯದಲ್ಲಿ ‘ಸಿ’ ಜೀವಸತ್ತ್ವವು ತುಂಬಿದೆಯೆಂಬ ಮಾತು ಮಾತ್ರ ಕಾಯಿಯ ಕೀರ್ತಿಯನ್ನು ಹೂವಿಗೆ ಹೊರಿಸಿದಂತೆ. ಎರಡನೆಯ ಮಹಾಯುದ್ಧದಲ್ಲಿ ಕಿತ್ತಿಳೆ ದುರ್ಲಭವಾದಾಗ ಬ್ರಿಟನ್ನಿನ ಜನರು ಮಕ್ಕಳ ಪಾನಕಕ್ಕಾಗಿ ಬೇಲಿಗಳಲ್ಲಿ ಹುಡುಕಿ ಆಯ್ದುದು ಕಾಡುಗುಲಾಬಿಯ ಕಾಯನ್ನು, ಎಸಳನ್ನಲ್ಲ.

ಮಾಡುವ ಕ್ರಮವು ಸುಲಭ. ಹೂವನ್ನು ಆರಿಸುವುದೇ ಕಷ್ಟ. ಮಾರುಕಟ್ಟೆಯ ಹಾರದ ಗುಲಾಬಿಗೆ ಕೀಟನಾಶಕ ಸಿಂಪಡಿಸಿರುವ ಸಂಭವವುಂಟಾದುದರಿಂದ ಅದು ದೇವರಿಗೂ ಮುಡಿಗೂ ಇರಲಿ. ಮನೆಯಂಗಳದಲ್ಲಿ ಔಷಧ ಸೋಕದೆ ಬೆಳೆದ, ಗಂಧವುಳ್ಳ ಪನ್ನೀರು ಗುಲಾಬಿಯೇ ಮೇಲು. ಎಸಳಿನ ಬುಡದ ಬಿಳಿಯ ಭಾಗವು ಕಹಿ. ಅದನ್ನು ಚಿವುಟಿ ನೆರಳಿನಲ್ಲಿ ಒಣಗಿಸಬೇಕು. ಕುದಿದು ಇಳಿಸಿದ ಒಂದು ಲೋಟ ನೀರಿಗೆ ಎರಡು ಚಮಚ ಎಸಳು ಹಾಕಿ, ಕೂಡಲೇ ಮುಚ್ಚಿ, ಐದಾರು ನಿಮಿಷ ಬಿಟ್ಟು ಸೋಸುವುದು. ಒಲೆಯ ಮೇಲೆ ಕುದಿಸಿದರೆ ಒಗರು ಹೆಚ್ಚಿ ಗಂಧವು ಆವಿಯೊಡನೆ ಹೋಗುವುದು. ಬಣ್ಣವು ಮಂಕಾಗಿ ಕಂಡರೆ ಎರಡು ಹನಿ ನಿಂಬೆರಸ ಬೀಳಲಿ. ಲೋಟವು ಕೂಡಲೇ ಕೆಂಪೇರುವುದು.