ಓಡುವ ಮನೆಯ ಸೂರು

ಮನೆಗೆ ಚಕ್ರ ಹಚ್ಚಿದಾಗಿನಿಂದಲೂ ಸೋರಿಕೆ ಅದರ ಬೆನ್ನು ಬಿಟ್ಟಿಲ್ಲ. ನೆಲಕ್ಕೂರಿದ ಮನೆಯ ಸೂರು ಒಮ್ಮೆ ಸರಿಯಾಗಿ ಕೂತರೆ ವರ್ಷಗಟ್ಟಲೆ ಅಲುಗದೆ ಇರುತ್ತದೆ. ಓಡುವ ಮನೆಗೆ ಆ ಭಾಗ್ಯವಿಲ್ಲ. ರಸ್ತೆಯ ಒಂದೊಂದು ಹೊಂಡಕ್ಕೂ ಗೋಡೆ ಒಂದು ಕಡೆ, ಚಾವಣಿ ಇನ್ನೊಂದು ಕಡೆ ಜಗ್ಗುತ್ತದೆ. ಬಿಸಿಲಿಗೆ ತಗಡು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಎರಡು ಹಾಳೆ ಕೂಡುವಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟರೂ ನೀರಿಗೆ ದಾರಿಯಾಯಿತು. ಅಮೆರಿಕದ ಓಹಾಯೊದಲ್ಲಿ ಹಳೆಯ ಟ್ರೇಲರ್, ಮೋಟಾರ್‌ಹೋಮ್‌ಗಳನ್ನು ರಿಪೇರಿ ಮಾಡಿಕೊಂಡು ಬಂದಿರುವ ನನ್ನ ಪಾಲಿಗೆ ಈ ಗಾಡಿಗಳ ಚರಿತ್ರೆ ಎಂದರೆ ಸಂದುಗಳ ಚರಿತ್ರೆ. ಎಂಜಿನ್ನು, ಒಲೆ, ಹಾಸಿಗೆಗಳ ಕಥೆಯೆಲ್ಲ ಅದರ ನಂತರದ್ದು.

ಮೊದಲಿನದು ಮರದ ಕಾಲ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಗಾಡಿ ಕಟ್ಟಿಸಿದರು. ರೈಲು ಬೋಗಿಗಳನ್ನು ಕಟ್ಟಿ ಪಳಗಿದ ಕಾರ್ಖಾನೆ ಅದು. ಸುಮಾರು ಎರಡು ಟನ್ ತೂಕದ ಆ ಗಾಡಿಯನ್ನು ಎರಡು ಕುದುರೆಗಳು ಎಳೆದವು. ಅದೇ ವರ್ಷ ಸ್ಟೇಬಲ್ಸ್ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಒಳ್ಳೆಯ ಮರ ಒದ್ದೆಯಾದಾಗ ಉಬ್ಬಿ, ತನ್ನ ಸಂದನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಮೇಲೆ ಬಣ್ಣ, ವಾರ್ನಿಷು ಇದ್ದರಾಯಿತು. ಕುದುರೆಯ ನಡಿಗೆಯಲ್ಲಿ ಕುಲುಕಾಟವೂ ಕಡಿಮೆ.

ಮೋಟಾರು ಬಂದಮೇಲೆ ವೇಗ ಹೆಚ್ಚಿತು, ಮರ ತೆಳುವಾಯಿತು. 1930ರ ಸುಮಾರಿನ ಅಮೆರಿಕನ್ ಟ್ರೇಲರ್‌ಗಳಲ್ಲಿ ಪ್ಲೈವುಡ್, ಮೇಸೊನೈಟ್‌ಗಳದ್ದೇ ಕಾರುಬಾರು. ಮೇಸೊನೈಟ್ ಎಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಅಂಚಿನಲ್ಲಿ ಒಮ್ಮೆ ನೀರು ಕುಡಿದರೆ ಊದಿಕೊಂಡು ಪುಡಿಪುಡಿಯಾಗುತ್ತದೆ. ಈ ಪೀಡೆಗೆ ಉತ್ತರ ಬಂದದ್ದು ವಿಮಾನದ ಕಡೆಯಿಂದ. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ವಿಮಾನದ ನಿರ್ಮಾಣವನ್ನು ನೋಡಿಕೊಂಡಿದ್ದ ಹಾಲಿ ಬೌಲಸ್ 1934ರಲ್ಲಿ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಟ್ರೇಲರ್ ಕಟ್ಟಿದರು. ಆ ಕಂಪನಿ ಉಳಿಯಲಿಲ್ಲ. ಅದೇ ವಿನ್ಯಾಸವನ್ನು ಆಧರಿಸಿ ಏರ್‌ಸ್ಟ್ರೀಮ್‌ನ ವಾಲಿ ಬಯಮ್ 1936ರಲ್ಲಿ ‘ಕ್ಲಿಪ್ಪರ್’ ತಂದರು.

ಅಲ್ಯೂಮಿನಿಯಂ ಕೊಳೆಯುವುದಿಲ್ಲ, ನಿಜ. ಆದರೆ ರಿವೆಟ್ ಎಂದರೆ ಒಂದು ತೂತು; ಇಂಥ ಸಾವಿರಾರು ತೂತುಗಳಿಂದಲೇ ಆ ಮೈ ಆಗಿರುವುದು. ಅದನ್ನು ಕಾಯುವುದು ಮೇಲಿನ ಹಾಳೆ ಕೆಳಗಿನದರ ಮೇಲೆ ಹೊದ್ದುಕೊಂಡಿರುವ ಕ್ರಮ. ಶಿರಸಿಯ ಕಡೆ ಹುಟ್ಟಿದ ನನಗೆ ಈ ಪಾಠ ಹಂಚಿನ ಮಾಡಿನಿಂದಲೇ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಅಂಟು ಗಿಂಟು ಹಚ್ಚುತ್ತಿರಲಿಲ್ಲ, ಹಂಚಿನ ಮೇಲೆ ಹಂಚು ಸರಿಯಾಗಿ ಕೂತಿದೆಯೇ ಎಂದಷ್ಟೇ ನೋಡುತ್ತಿದ್ದರು.

ಸೋರಿಕೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ 1969ರ ಜುಲೈ ತಿಂಗಳದ್ದು. ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ ಹಾರ್ನೆಟ್ ಹಡಗಿನ ಮೇಲೆ ಇರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರಿನಲ್ಲಿ. ಚಂದ್ರನ ಕ್ರಿಮಿಗಳೇನಾದರೂ ಇದ್ದರೆ ಹೊರಗೆ ಹರಡಬಾರದೆಂಬ ಭಯ. ಅದಕ್ಕೆ ಎಂಜಿನಿಯರುಗಳು ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಟ್ಟರು. ಎಲ್ಲಾದರೂ ಸಂದು ಬಿಟ್ಟಿದ್ದರೂ ಗಾಳಿ ಒಳಗೆ ನುಗ್ಗೀತೇ ಹೊರತು ಹೊರಗೆ ಬಾರದು. ಹೊರಬಿಡುವ ಗಾಳಿಗೆ ಶೋಧಕವಿತ್ತು. ಸೋರಿಕೆಯೇ ಇಲ್ಲದ ಗಾಡಿ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಕೆಲಸಕ್ಕಿಳಿದ ಬುದ್ಧಿ ಅದು.

ಸೋರುವ ಜಾಗ ಹುಡುಕಲು ನಾವಿಂದು ಮಾಡುವುದು ಅದರ ತಿರುಗುಮುರುಗು. ಕಿಟಕಿ ಬಾಗಿಲು ಮುಚ್ಚಿ, ಕೊಳವೆಯ ಬಾಯಿಗಳಿಗೆ ಟೇಪು ಹಚ್ಚಿ, ಚಾವಣಿಯ ಗವಾಕ್ಷಿಗೆ ಬ್ಲೋವರ್ ಕೂರಿಸಿ ಒಳಗೆ ಗಾಳಿ ತುಂಬುತ್ತೇವೆ. ಹೊರಗಿನ ಒಂದೊಂದು ಸಂದಿಗೂ ಸೋಪಿನ ನೀರು ಹಚ್ಚಿ ಕಾಯುತ್ತೇವೆ. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಕಣ್ಣಿನಿಂದ ಮಾತ್ರ ಹುಡುಕಿದರೆ ಮೋಸ ಹೋಗುವುದು ಖಂಡಿತ. ಮುಂಭಾಗದ ನೆತ್ತಿಯ ದೀಪದ ಸ್ಕ್ರೂ ಬಳಿ ಇಳಿದ ನೀರು, ಗೋಡೆಯೊಳಗಿನ ಪಟ್ಟಿಯನ್ನೋ ವೈರನ್ನೋ ಹಿಡಿದು ಸಾಗಿ, ಹಿಂದಿನ ಹಾಸಿಗೆಯ ಕೆಳಗೆ ತಲೆ ಎತ್ತುತ್ತದೆ. ಕಲೆ ಕಂಡ ಜಾಗವನ್ನು ಅಗೆದವರಿಗೆ ಕೊಳೆತ ಪ್ಲೈವುಡ್ ಸಿಗುತ್ತದೆ, ತೂತು ಸಿಗುವುದಿಲ್ಲ.

ತೂತು ಸಿಕ್ಕಮೇಲೆ ಅವಸರ ಪಡಬಾರದು. ದೀಪವನ್ನು ಪೂರ್ತಿ ಬಿಚ್ಚಿ, ಒಣಗಿ ಬಿರಿದ ಹಳೆಯ ಪುಟ್ಟಿಯನ್ನು ಪ್ಲಾಸ್ಟಿಕ್ ಕೆರೆಗೋಲಿನಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಬ್ಯುಟೈಲ್ ಟೇಪು ಇಟ್ಟು, ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಸಬೇಕು. ಸುತ್ತಲೂ ಅಂಟು ಹೊರಚೆಲ್ಲಿದರೆ ಸಂದು ತುಂಬಿತೆಂದು ಅರ್ಥ. ಮೇಲಿಂದ ಸಿಲಿಕೋನ್ ಮೆತ್ತುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಬಿಟ್ಟುಕೊಂಡ ದಿನ, ಆ ಜಾಗದಲ್ಲಿ ಬೇರೆ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ.

ಸಂದುಗಳನ್ನೇ ಕಡಿಮೆ ಮಾಡಿದರೆ ಹೇಗೆ ಎಂದು ಯೋಚಿಸಿದವರೂ ಇದ್ದರು. ಮಿಷಿಗನ್‌ನ ರೇ ಫ್ರಾಂಕ್ 1960ರ ಸುಮಾರಿಗೆ ಡಾಡ್ಜ್ ಷಾಸಿಯ ಮೇಲೆ ಮೋಟಾರ್‌ಹೋಮ್ ಕಟ್ಟಿ ಮಾರತೊಡಗಿದರು. ಕೆಲವೇ ವರ್ಷಗಳಲ್ಲಿ ಅದರ ಮೈ ಫೈಬರ್‌ಗ್ಲಾಸಿಗೆ ತಿರುಗಿತು. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಬಂದ ‘ಬೋಲರ್’ ಎಂಬ ಪುಟ್ಟ ಟ್ರೇಲರಿನ ಮೈ ಮೇಲಿನದೊಂದು, ಕೆಳಗಿನದೊಂದು ಅಚ್ಚಾಗಿ ಸೊಂಟದಲ್ಲಿ ಕೂಡುತ್ತಿತ್ತು. ಆದರೂ ಕಿಟಕಿ ಬೇಕು, ಗವಾಕ್ಷಿ ಬೇಕು, ದೀಪ ಬೇಕು. ಮನುಷ್ಯ ವಾಸ ಮಾಡುವ ಪೆಟ್ಟಿಗೆಗೆ ತೂತು ಕೊರೆಯದೆ ಗತಿಯಿಲ್ಲ. ಈಗಿನ ರಬ್ಬರು ಚಾವಣಿಗಳದ್ದೂ ಅದೇ ಪಾಡು. ನಡುವೆ ಗಟ್ಟಿ, ಅಂಚಿನಲ್ಲಿ ಸಂಶಯ.

ಮರದಿಂದ ರಬ್ಬರಿನವರೆಗೆ ಬಂದ ಎಲ್ಲ ವಸ್ತುಗಳೂ ಸೋರಿಕೆಯನ್ನು ಮುಂದೂಡಿದವೇ ವಿನಾ ನಿಲ್ಲಿಸಲಿಲ್ಲ. ಹಳೆಯ ಗಾಡಿಗಳಲ್ಲಿ ಇಂದಿಗೂ ರಸ್ತೆಯ ಮೇಲಿರುವವು, ವರ್ಷಕ್ಕೆರಡು ಸಲವಾದರೂ ಏಣಿ ಹತ್ತಿ ಸಂದು ನೋಡಿದ ಯಜಮಾನರ ಕೈಗೆ ಸಿಕ್ಕವು. ಹೊಸ ಗಾಡಿ ಕೊಳ್ಳುವವರಿಗೂ ನಾನು ಮೊದಲು ಹೇಳುವುದು ಇದನ್ನೇ: ಏಣಿಯನ್ನೂ ಕೊಳ್ಳಿ.