ಮುಟ್ಟಿ ಕಲಿಯುವ ಅಂಗಳ: ಬಾಲವನದಿಂದ ಪಿಲಿಕುಳದವರೆಗೆ

ಶಾಲೆಯ ಶತಮಾನೋತ್ಸವವು ಕಟ್ಟಡದ ಇತಿಹಾಸವನ್ನಷ್ಟೇ ಅಲ್ಲ, ಕಲಿಕೆಯ ಇತಿಹಾಸವನ್ನೂ ನೆನೆಯುವ ಸಂದರ್ಭ. ಈ ನೂರು ವರ್ಷಗಳಲ್ಲಿ ಮಕ್ಕಳು ಕೈಯಾರೆ ಮುಟ್ಟಿ ಕಲಿಯುವ ಕಲೆ ಮತ್ತು ವಿಜ್ಞಾನದ ಅಂಗಳಗಳು ನಮ್ಮ ಸೀಮೆಯ ಸಮೀಪಕ್ಕೆ ಬಂದ ಬಗೆಯನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

ಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆ, ‘ಮುಟ್ಟಬಾರದು’ ಎಂಬ ಫಲಕ. ಇದು ಹಳೆಯ ಕಲ್ಪನೆ. 1899ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಕ್ಕಳಿಗೆಂದೇ ಒಂದು ಸಂಗ್ರಹಾಲಯ ತೆರೆಯಿತು. 1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಸಾನ್ ಫ್ರಾನ್ಸಿಸ್ಕೋದಲ್ಲಿ ‘ಎಕ್ಸ್‌ಪ್ಲೊರೇಟೋರಿಯಂ’ ಆರಂಭಿಸಿ, ವಿಜ್ಞಾನಿಗಳನ್ನೂ ಕಲಾವಿದರನ್ನೂ ಒಂದೇ ಸೂರಿನಡಿ ತಂದರು.

ಆದರೆ ಈ ಚಿಂತನೆ ನಮಗೆ ಪರದೇಶದಿಂದಲೇ ಬರಬೇಕಿರಲಿಲ್ಲ. ಉಪ್ಪಳವೂ ಪುತ್ತೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿಯೇ ಡಾ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ಚಿತ್ರ, ನಾಟಕಗಳನ್ನೇ ಪಾಠವಾಗಿಸುವ ಪ್ರಯೋಗ ನಡೆಸಿದರು. ಮಕ್ಕಳಿಗಾಗಿ ಅವರು ರಚಿಸಿದ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿ ಹೊರಬಂದುವು. ಕಲೆ ಬೇರೆ, ವಿಜ್ಞಾನ ಬೇರೆ ಎಂಬ ಗೋಡೆ ಅವರಿಗಿರಲಿಲ್ಲ.

ಸ್ವಾತಂತ್ರ್ಯಾನಂತರ 1959ರಲ್ಲಿ ಕೋಲ್ಕತ್ತದ ಬಿರ್ಲಾ ಸಂಗ್ರಹಾಲಯ ತೆರೆಯಿತು. 1962ರ ಜುಲೈ 14ರಂದು ಪ್ರಧಾನಿ ನೆಹರೂ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದ ಕಟ್ಟಡವನ್ನು ಉದ್ಘಾಟಿಸಿದರು. ಗುಂಡಿಯೊತ್ತಿ, ಹಿಡಿಕೆ ತಿರುಗಿಸಿ ತತ್ತ್ವವನ್ನು ಕಾಣುವ ಸುಯೋಗ ಕನ್ನಡದ ಮಕ್ಕಳಿಗೆ ಅಲ್ಲಿ ಒದಗಿತು. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿಹೋಗಿತ್ತು. ನಮ್ಮ ರಾಜ್ಯದ ಕೋಯಿಕ್ಕೋಡಿನಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ 1997ರಲ್ಲಿ ಬಂದಿತು. ಮಂಗಳೂರಿನ ಪಿಲಿಕುಳದ ಕೇಂದ್ರ 2014ರಲ್ಲಿ. ಒಂದು ದೂರ, ಇನ್ನೊಂದು ಗಡಿಯಾಚೆ. ವರ್ಷಕ್ಕೊಂದು ಪ್ರವಾಸದಲ್ಲಿ ಮಗು ಅದನ್ನು ನೋಡೀತು. ಮರುದಿನ ಮತ್ತೆ ಹೋಗಿ ‘ಹೀಗೆ ಮಾಡಿದರೆ ಏನಾದೀತು?’ ಎಂದು ಪರೀಕ್ಷಿಸಲಾರದು. ಕಲಿಕೆ ನಡೆಯುವುದಾದರೋ ಆ ಎರಡನೆಯ ಸಲದಲ್ಲಿ.

ಇಂತಹ ಅಂಗಳಗಳ ರಚನೆಯಲ್ಲಿ ಕೆಲವು ಸೂತ್ರಗಳಿವೆ. ಸಲಕರಣೆ ಮಗುವಿನ ಕಣ್ಣಿನ ಎತ್ತರದಲ್ಲಿರಬೇಕು. ಮಾಡಿದ ಕ್ರಿಯೆಯ ಫಲ ಕೂಡಲೇ ಕಾಣಬೇಕು. ಇಬ್ಬರು ಕೂಡಿ ಆಡುವಂತಿರಬೇಕು. ಮುರಿದರೆ ಊರಿನ ಬಡಗಿಯೇ ಸರಿಪಡಿಸುವಂತಿರಬೇಕು. ಫಲಕ ಉತ್ತರ ಹೇಳದೆ ಪ್ರಶ್ನೆ ಕೇಳಬೇಕು.

ಇವಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲೇ ಇದೆ. ಚೆಂಡೆಯ ಮೇಲೆ ನಾಲ್ಕು ಅಕ್ಕಿಕಾಳು ಹಾಕಿ ಬಾರಿಸಿದರೆ ನಾದವೆಂದರೆ ಕಂಪನವೆಂಬುದು ಕಣ್ಣಿಗೇ ಕಾಣುತ್ತದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಯಕ್ಷಗಾನ ವೇಷದ ಕೆಂಪು, ಹಸಿರು ಬೆಳಕಿನಲ್ಲಿ ಕಪ್ಪಾಗುವುದನ್ನು ಕಂಡ ಮಗು ಬಣ್ಣದ ಗುಟ್ಟನ್ನು ತಾನೇ ಬೆದಕುತ್ತದೆ. ಅರುವತ್ತು ಅಂಶದ ಕೋನದಲ್ಲಿ ನಿಲ್ಲಿಸಿದ ಎರಡು ಕನ್ನಡಿಗಳ ನಡುವೆ ಇಟ್ಟ ಒಂದು ದಾಸವಾಳ ಆರಾಗುತ್ತದೆ. ಬಾವಿಯ ರಾಟೆಯೊಂದಿಗೆ ಚಲಿಸುವ ಇನ್ನೊಂದು ರಾಟೆಯನ್ನು ಕೂಡಿಸಿದರೆ ಎಳೆತ ಸುಮಾರು ಅರ್ಧವಾಗುತ್ತದೆ, ಎಳೆಯಬೇಕಾದ ಹಗ್ಗ ಎರಡರಷ್ಟಾಗುತ್ತದೆ.

ಕನ್ನಡದಲ್ಲಿ ವಿಜ್ಞಾನ ಕಲಿತ ಮಕ್ಕಳು ಹಿಂದೆ ಬಿದ್ದಾರೆಂಬ ಅಳುಕು ಪೋಷಕರಲ್ಲಿದೆ. ಅದನ್ನು ಭಾಷಣದಿಂದ ನೀಗಿಸಲಾಗದು. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಊರು ನಮ್ಮದು. ರಾಟೆಯನ್ನು ಎಳೆಯುವ ಕೈಗೆ ಭಾಷೆಯ ಹಂಗಿಲ್ಲ. ಕೈ ಕಂಡುಕೊಂಡ ಸತ್ಯಕ್ಕೆ ಹೆಸರಿಡಬೇಕಾದಾಗ ಮಾತ್ರ ನುಡಿ ಬೇಕು. ಆ ಹೆಸರು ಕನ್ನಡದಲ್ಲಿ ದೊರೆತರೆ ಕನ್ನಡವು ಪರೀಕ್ಷೆಯ ಭಾಷೆಯಾಗಿ ಉಳಿಯದೆ ವಿಚಾರದ ಭಾಷೆಯಾಗುತ್ತದೆ.

ಆದುದರಿಂದ ಶತಮಾನದ ನೆನಪಿಗೆ ಕಮಾನು ಕಟ್ಟುವುದಕ್ಕಿಂತ ಒಂದು ಕೊಠಡಿಯನ್ನು ಇಂತಹ ಅಂಗಳವಾಗಿಸುವುದು ಮೇಲೆಂದು ನಾವು ಹಳೆ ವಿದ್ಯಾರ್ಥಿಗಳಲ್ಲಿ ವಿನಂತಿಸುತ್ತೇವೆ. ಅದರ ಬಾಗಿಲು ಪ್ರತಿದಿನವೂ ತೆರೆದಿರಲಿ.