ದಿಜ್ಲಾ ದಡದ ಮನೆಗಳು

ಖಲೀಫ ಮನ್ಸೂರ್ ಕ್ರಿ.ಶ. 762ರಲ್ಲಿ (ಹಿಜರಿ 145) ದಿಜ್ಲಾ ನದಿಯ ಪಶ್ಚಿಮ ದಡದಲ್ಲಿ ಬಗ್ದಾದ್ ನಗರಕ್ಕೆ ಅಡಿಗಲ್ಲು ಹಾಕಿದರು. ನಮ್ಮ ಶಾಲಾಪುಸ್ತಕಗಳು ಟೈಗ್ರಿಸ್ ಎಂದು ಕರೆಯುವ ನದಿಯೇ ಈ ದಿಜ್ಲಾ. ವೃತ್ತಾಕಾರದ ಕೋಟೆ, ನಾಲ್ಕು ಮಹಾದ್ವಾರಗಳು, ನಟ್ಟನಡುವೆ ಹಸಿರು ಗುಮ್ಮಟದ ಅರಮನೆ, ಅದಕ್ಕೆ ಹೊಂದಿಕೊಂಡ ಜಾಮಿಅ ಮಸೀದಿ: ಇಷ್ಟನ್ನು ನಮ್ಮಲ್ಲಿ ಅನೇಕರು ಓದಿದ್ದೇವೆ. ಆದರೆ ಅಷ್ಟು ಶ್ರಮದಿಂದ ಕಟ್ಟಿಸಿದ ಕೋಟೆಯೊಳಗೆ ಸ್ವತಃ ಮನ್ಸೂರರೇ ನೆಲೆ ನಿಲ್ಲಲಿಲ್ಲ. ಸುಮಾರು 773ರಲ್ಲಿ ಅವರು ಖುರಾಸಾನ್ ದ್ವಾರದ ಹೊರಗೆ, ನದಿಗೆ ಮುಖಮಾಡಿದ ಇನ್ನೊಂದು ಅರಮನೆಯನ್ನು ಕಟ್ಟಿಸಿದರು. ಅದಕ್ಕೆ ಇಟ್ಟ ಹೆಸರು ‘ಖುಲ್ದ್’, ಅಂದರೆ ಶಾಶ್ವತತೆ. ಪವಿತ್ರ ಕುರ್‌ಆನ್ ಸ್ವರ್ಗೋದ್ಯಾನವನ್ನು ಹೆಸರಿಸುವಾಗ ಬಳಸಿದ ಪದವದು. ಎರಡು ವರ್ಷಗಳ ಬಳಿಕ, 775ರಲ್ಲಿ, ಹಜ್ಜ್ ಯಾತ್ರೆಯ ಹಾದಿಯಲ್ಲಿ ಮನ್ಸೂರ್ ನಿಧನರಾದರು.

ದೊರೆ ನದಿಯ ಕಡೆಗೆ ಹೊರಟ ಮೇಲೆ ಉಳಿದವರು ಹಿಂದೆ ಬೀಳುವುದುಂಟೇ? ಎದುರು ದಡದಲ್ಲಿ ರಾಜಕುಮಾರ ಮಹ್ದಿಗಾಗಿ 768ರಲ್ಲಿ ಆರಂಭವಾದ ರುಸಾಫಾ ಬಡಾವಣೆ ಬಹುಬೇಗ ಬೆಳೆಯಿತು. ಅದರ ಸುತ್ತ ಶಮ್ಮಾಸಿಯ್ಯಾ, ಮುಖರ್ರಿಮ್ ಎಂಬ ಪ್ರದೇಶಗಳು ತುಂಬಿಕೊಂಡವು. ಬೇಸಿಗೆಯ ಉರಿಯಲ್ಲಿ ನದಿಯ ಗಾಳಿ, ಮೆಟ್ಟಿಲ ಬಳಿಯೇ ದೋಣಿ, ತೋಟಕ್ಕೆ ನೀರು. ದಡದ ಮನೆಗೆ ಬೆಲೆ ಬರಲು ಇನ್ನೇನು ಬೇಕು? ಇಲ್ಲಿನ ದೊಡ್ಡ ನಿವೇಶನಗಳಲ್ಲಿ ಬಹಳಷ್ಟು ಖಲೀಫರು ತಮ್ಮವರಿಗೆ ಅನುಗ್ರಹಿಸಿ ಕೊಟ್ಟ ‘ಖತೀಅ’ಗಳು, ಅಂದರೆ ದತ್ತಿಭೂಮಿಗಳು. ಕೊಟ್ಟ ಕೈಗೆ ಕಿತ್ತುಕೊಳ್ಳುವುದೂ ತಿಳಿದಿತ್ತು.

ಬರ್ಮಕೀ ಮನೆತನದ ಜಾಫರ್ ಬಿನ್ ಯಹ್ಯಾ ಇದನ್ನು ಬಲ್ಲವರಾಗಿದ್ದರು. ಖಲೀಫ ಹಾರೂನ್ ರಶೀದರ ಆಪ್ತರಾಗಿದ್ದ ಅವರು ಪೂರ್ವ ದಡದಲ್ಲಿ ಭವ್ಯವಾದ ಮಹಲನ್ನು ಕಟ್ಟಿಸಿದರು. ಅದರ ವೈಭವ ದೊರೆಯ ಕಣ್ಣಿಗೆ ಚುಚ್ಚೀತೆಂಬ ಅಂಜಿಕೆಯಿಂದ, ಇದು ರಾಜಕುಮಾರ ಮಾಮೂನ್‌ಗಾಗಿ ಕಟ್ಟಿಸಿದ್ದು ಎಂದು ಅವರು ಹೇಳಿಕೊಂಡರೆಂದು ಇತಿಹಾಸಕಾರರು ದಾಖಲಿಸುತ್ತಾರೆ. ಆ ಉಪಾಯವೂ ಅವರನ್ನು ಉಳಿಸಲಿಲ್ಲ. 803ರಲ್ಲಿ ಹಾರೂನರ ಆಜ್ಞೆಯಂತೆ ಜಾಫರ್ ಹತರಾದರು. ಅವರ ದೇಹವನ್ನು ಬಗ್ದಾದಿನ ಸೇತುವೆಗಳ ಮೇಲೆ ಪ್ರದರ್ಶನಕ್ಕಿಡಲಾಯಿತು. ಮಹಲು ನಿಜವಾಗಿಯೂ ಮಾಮೂನರ ಪಾಲಾಯಿತು. ಮುಂದೆ ಅದು ಮಂತ್ರಿ ಹಸನ್ ಬಿನ್ ಸಹ್ಲ್ ಅವರಿಗೆ, ಆಮೇಲೆ ಅವರ ಮಗಳೂ ಮಾಮೂನರ ಮಡದಿಯೂ ಆದ ಬೂರಾನ್‌ಗೆ ಸಂದು, ಕೊನೆಗೆ ಮತ್ತೆ ಖಲೀಫರ ಕೈ ಸೇರಿತು.

ಹಾರೂನರ ಇನ್ನೊಬ್ಬ ಮಗ ಅಮೀನ್ ದಿಜ್ಲಾದಲ್ಲಿ ವಿಹರಿಸಲು ಸಿಂಹ, ಆನೆ, ಹದ್ದು ಮುಂತಾದ ಆಕಾರಗಳ ದೋಣಿಗಳನ್ನು ಮಾಡಿಸಿದ್ದರು. ಸೋದರರ ನಡುವಿನ ಯುದ್ಧದಲ್ಲಿ ನಗರ ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆಗೆ ಸಿಲುಕಿತು, ಖುಲ್ದ್ ಅರಮನೆ ಹಾಳಾಯಿತು. 813ರ ಒಂದು ರಾತ್ರಿ ತಪ್ಪಿಸಿಕೊಳ್ಳಲು ಅಮೀನ್ ಹತ್ತಿದ ದೋಣಿ ಅದೇ ದಿಜ್ಲಾದಲ್ಲಿ ಮಗುಚಿತು. ಈಜಿ ದಡ ಸೇರಿದ ಅವರನ್ನು ಹಿಡಿದು ಆ ರಾತ್ರಿಯೇ ಕೊಲ್ಲಲಾಯಿತು.

ಇಂಥ ಕಥೆಗಳನ್ನು ನಮ್ಮ ಉಪನ್ಯಾಸಗಳಲ್ಲಿ ಐಶ್ವರ್ಯವೇ ಪಾಪವೆಂಬ ಧಾಟಿಯಲ್ಲಿ ಹೇಳುವುದುಂಟು. ಅಷ್ಟಕ್ಕೇ ನಿಂತರೆ ಸಾಲದೆಂದು ನಮಗೆ ಅನಿಸುತ್ತದೆ. ನದಿಯ ದಡದಲ್ಲಿ ಮನೆ ಕಟ್ಟುವುದನ್ನು ನಮ್ಮ ಇಮಾಮರು ನಿಷೇಧಿಸಲಿಲ್ಲ. ಅವರು ಕೇಳಿದ್ದು ಬೇರೆಯೇ ಪ್ರಶ್ನೆ: ಆ ಮನೆಯಿಂದ ನೀರಿಗೇನಾಯಿತು, ನೆರೆಯವನಿಗೇನಾಯಿತು?

ಇಮಾಮ್ ಅಬೂ ಹನೀಫ(ರ)ರ ಶಿಷ್ಯರೂ ಬಗ್ದಾದಿನ ಮುಖ್ಯ ನ್ಯಾಯಾಧೀಶರೂ ಆಗಿದ್ದ ಅಬೂ ಯೂಸುಫ್(ರ) (ವಫಾತ್ 798) ಹಾರೂನರಿಗಾಗಿಯೇ ‘ಕಿತಾಬುಲ್ ಖರಾಜ್’ ಎಂಬ ಗ್ರಂಥವನ್ನು ಬರೆದರು. ಅದು ತೆರಿಗೆಯ ಗ್ರಂಥವೆಂದೇ ಪ್ರಸಿದ್ಧ. ಆದರೆ ಅದರಲ್ಲಿ ನದಿಯ ವಿಚಾರವೂ ವಿಸ್ತಾರವಾಗಿ ಬರುತ್ತದೆ. ಉತ್ತರದ ಪರ್ವತಗಳ ಹಿಮ ಕರಗುವ ವಸಂತಕಾಲದಲ್ಲಿ ದಿಜ್ಲಾ ಉಕ್ಕುತ್ತದೆ, ಏರಿಗಳು ಒಡೆಯುತ್ತವೆ. ಅವುಗಳ ದುರಸ್ತಿಯ ಖರ್ಚು ಯಾರದು? ದಿಜ್ಲಾ, ಯೂಫ್ರಟೀಸ್‌ನಂಥ ಮಹಾನದಿಗಳ ಏರಿಗಳ ವೆಚ್ಚವನ್ನು ಬೈತುಲ್ ಮಾಲ್ ಭರಿಸಬೇಕು, ಅದನ್ನು ರೈತರ ತಲೆಯ ಮೇಲೆ ಹೊರಿಸಬಾರದು, ಏಕೆಂದರೆ ಅದು ಎಲ್ಲ ಮುಸ್ಲಿಮರ ಹಿತದ ಕೆಲಸ ಎಂಬುದು ಅವರ ನಿಲುವು. ಇನ್ನು ನೀರಿಳಿದಾಗ ನದಿಯ ನಡುವೆ ತಲೆಯೆತ್ತುವ ದಿಬ್ಬಗಳ ಮಾತು. ಬಗ್ದಾದಿನ ಎದುರಿಗಿದ್ದ ಅಂಥ ದ್ವೀಪಗಳನ್ನೇ ಬೆರಳಿಟ್ಟು ತೋರಿಸಿ, ಅಲ್ಲಿ ಯಾರೂ ಕಟ್ಟಡವನ್ನು ಎಬ್ಬಿಸಬಾರದು, ಬಿತ್ತನೆಯನ್ನೂ ಮಾಡಬಾರದು ಎಂದು ಅವರು ಬರೆದರು. ಆ ನೆಲವನ್ನು ಗಟ್ಟಿಮಾಡಿದರೆ ದಡದ ಮನೆಗಳವರಿಗೆ ಹಾನಿಯಾಗುತ್ತದೆ ಎಂಬುದೇ ಅವರು ಕೊಟ್ಟ ಕಾರಣ. ನದಿಗೆ ಅದರ ಹಾದಿ ಬೇಕು. ಒಂದೆಡೆ ತಡೆದರೆ ಅದು ಇನ್ನೊಬ್ಬನ ಅಂಗಳದ ಮೂಲಕ ಹೋಗುತ್ತದೆ. ರಾಜಧಾನಿಯಲ್ಲಿ ಭೂಮಿಗೆ ಚಿನ್ನದ ಬೆಲೆಯಿದ್ದ ದಿನಗಳಲ್ಲಿ, ಅದನ್ನು ಹಂಚುವ ದೊರೆಗೇ ಹೀಗೆ ಬರೆದುಕೊಡಲು ಧೈರ್ಯ ಬೇಕಿತ್ತು.

ನೆರೆಯವನ ಹಕ್ಕಿನ ಇನ್ನೊಂದು ಮುಖ ‘ಶುಫ್‌ಅ’. ಒಬ್ಬನು ಮನೆ ಮಾರಿದಾಗ ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕು ಪಾಲುದಾರನಿಗಿದೆ; ಹನಫೀ ಮದ್‌ಹಬ್‌ನಲ್ಲಿ ಪಕ್ಕದ ಮನೆಯವನಿಗೂ ಆ ಹಕ್ಕುಂಟು. ನಮ್ಮ ಕರಾವಳಿಯ ಬ್ಯಾರಿ ಕುಟುಂಬಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಅದು ಪಾಲುದಾರನಿಗೆ ಸೀಮಿತ. ಆದರೂ ನೆರೆಯವನನ್ನು ನೋಯಿಸಬಾರದೆಂಬಲ್ಲಿ ಎರಡು ಮಾತಿಲ್ಲ. ದಡದ ನಿವೇಶನ ಕೊಳ್ಳುವ ಇಂದಿನ ನಮ್ಮವರು ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ. ಈ ನೆಲ ಹಿಂದೆ ಮಳೆನೀರು ನಿಲ್ಲುವ ತಗ್ಗಾಗಿತ್ತೇ, ಮಣ್ಣು ತುಂಬಿಸಿದ ಮೇಲೆ ಆ ನೀರು ಯಾರ ಮನೆಗೆ ನುಗ್ಗುತ್ತಿದೆ ಎಂದು ಉಲಮಾಗಳನ್ನು ಕೇಳುವವರು ವಿರಳ. ಉಲಮಾಗಳಾದ ನಾವೂ ತಾವಾಗಿ ಹೇಳುವುದು ಕಡಿಮೆ.

ಬಗ್ದಾದಿನಲ್ಲಿ ಇದಕ್ಕಿಂತಲೂ ಸೂಕ್ಷ್ಮವಾಗಿ ಕೇಳಿದವರಿದ್ದರು. ಅಮೀನರ ಪತನದ ಬಳಿಕ ನಗರದ ಆಡಳಿತ ತಾಹಿರ್ ಮನೆತನಕ್ಕೆ ಬಂತು. ಅವರ ನಿವಾಸವೂ ಪಶ್ಚಿಮ ದಡದಲ್ಲಿ ನದಿಗೆ ತಾಗಿಯೇ ಇತ್ತು. ಒಂದು ದಿನ ಒಬ್ಬ ಮಹಿಳೆ ಇಮಾಮ್ ಅಹ್ಮದ್ ಬಿನ್ ಹಂಬಲ್(ರ)ರ ಬಳಿಗೆ ಬಂದರು. ರಾತ್ರಿ ತಾವು ಮಾಳಿಗೆಯ ಮೇಲೆ ನೂಲುವಾಗ ತಾಹಿರರ ಪಂಜುಗಳು ಬೀದಿಯಲ್ಲಿ ಹಾದುಹೋಗುತ್ತವೆ, ಆ ಬೆಳಕು ತಮ್ಮ ಮೇಲೆ ಬೀಳುತ್ತದೆ, ಆ ಬೆಳಕಿನಲ್ಲಿ ನೂತದ್ದು ತಮಗೆ ಹಲಾಲ್ ಆಗುವುದೇ ಎಂದು ವಿಚಾರಿಸಿದರು. ಅಧಿಕಾರಸ್ಥರ ಎಣ್ಣೆ ಯಾರ ಹಣದ್ದೋ ಎಂಬ ಅಳುಕು ಅವರದು. ಇಮಾಮರು ಅವರ ಪರಿಚಯ ಕೇಳಿದರು. ಬರಿಗಾಲ ಸಂತ ಬಿಶ್ರ್ ಹಾಫೀ(ರ)ಯವರ ಸಹೋದರಿ ಎಂದು ತಿಳಿದಾಗ ಇಮಾಮರು ಅತ್ತುಬಿಟ್ಟರು. ನಿಮ್ಮ ಮನೆಯಿಂದಲೇ ಇಂಥ ಭಯಭಕ್ತಿ ಹೊರಡುವುದು, ಆ ಬೆಳಕಿನಲ್ಲಿ ನೂಲಬೇಡಿ ಎಂದರು. ಸಾಮಾನ್ಯರಿಗೆ ಕೊಡುವ ಫತ್ವಾ ಇದಲ್ಲ, ನಿಜ. ಕೇಳಿದವರ ಮಟ್ಟಕ್ಕೆ ತಕ್ಕ ಉತ್ತರವಿದು.

ಹಾಳಾದ ಖುಲ್ದ್ ಅರಮನೆಯ ನೆಲ ಬಹುಕಾಲ ಪಾಳುಬಿದ್ದಿತ್ತು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಸುಮಾರು 982ರಲ್ಲಿ, ಬುವೈಹೀ ದೊರೆ ಅಝುದುದ್ದೌಲಾ ಅಲ್ಲೊಂದು ದೊಡ್ಡ ಆಸ್ಪತ್ರೆಯನ್ನು ತೆರೆದರು. ನಗರದ ಹಲವೆಡೆ ಮಾಂಸದ ತುಂಡು ತೂಗುಹಾಕಿ, ಅದು ತಡವಾಗಿ ಕೊಳೆತ ಸ್ಥಳವನ್ನು ವೈದ್ಯ ರಾಝೀ ಈ ಆಸ್ಪತ್ರೆಗಾಗಿ ಆರಿಸಿದರೆಂಬ ಕಥೆ ಜನಪ್ರಿಯ. ಆದರೆ ರಾಝೀ ತೀರಿಕೊಂಡು ಅದಾಗಲೇ ಅರ್ಧ ಶತಮಾನ ಕಳೆದಿತ್ತು. 1184ರಲ್ಲಿ ಬಗ್ದಾದಿಗೆ ಬಂದ ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್ ನದಿಯ ದಡದ ಆ ಆಸ್ಪತ್ರೆಯನ್ನು ಕಂಡರು. ಪ್ರತಿ ಸೋಮವಾರ ಮತ್ತು ಗುರುವಾರ ವೈದ್ಯರು ಅಲ್ಲಿಗೆ ಬಂದು ರೋಗಿಗಳನ್ನು ನೋಡುತ್ತಿದ್ದರೆಂದು ಅವರು ಬರೆದಿಟ್ಟಿದ್ದಾರೆ.